ಬಾಡಿಗೆಯ ಹಾರಾಟವೂ ಹೊಣೆಗಾರಿಕೆಯೂ

ಕಾರ್ಕಳದಿಂದಲೋ ಕಾಪುವಿನಿಂದಲೋ ಬಜಪೆಯ ವಿಮಾನನಿಲ್ದಾಣಕ್ಕೆ ಹೋಗತಕ್ಕವರು ಹಳದಿ ಬೋರ್ಡಿನ ಟ್ಯಾಕ್ಸಿಯನ್ನು ಬಿಟ್ಟು, ನಾಲ್ಕು ಕಾಸು ಉಳಿಯುವುದೆಂದು, ಪರಿಚಿತರ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಕರೆಯುವುದು ನಮ್ಮ ಕಡೆ ಹೊಸತೇನಲ್ಲ. ಕಾಯಿದೆ ಒಪ್ಪದೆಂದು ಬಲ್ಲವರೂ ಅದನ್ನು ಅಪರಾಧವೆಂದು ಎಣಿಸುವುದಿಲ್ಲ. ಅಪಘಾತವೊಂದು ಸಂಭವಿಸಿ, ವಿಮಾ ಸಂಸ್ಥೆಯು ಪರ್ಮಿಟ್ ಎಲ್ಲಿ ಎಂದು ಕೇಳುವ ದಿನದವರೆಗೆ ಆ ಎರಡು ಬಣ್ಣಗಳ ಅಂತರ ಯಾರ ಅರಿವಿಗೂ ಬರುವುದಿಲ್ಲ. ಆದಿಉಡುಪಿಯ ಹೆಲಿಪ್ಯಾಡಿನಲ್ಲಿ ಇಳಿಯುವ ಯಂತ್ರಕ್ಕೂ ಈ ಪ್ರಶ್ನೆ ಸಲ್ಲುತ್ತದೆಂಬುದನ್ನು ನಾವು ಇನ್ನೂ ಯೋಚಿಸಿಲ್ಲ.

ಹಣ ಪಡೆದು ಪರರನ್ನು ಸಾಗಿಸಬೇಕಾದರೆ, ನಿಗದಿತ ವೇಳಾಪಟ್ಟಿಯಿಲ್ಲದ ವಾಯುಸಾರಿಗೆಗೆಂದೇ ಇರುವ ಪರ್ಮಿಟ್ಟನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಪಡೆಯತಕ್ಕದ್ದೆಂಬುದು ೧೯೩೭ರ ವಿಮಾನ ನಿಯಮಗಳ ವಿಧಿ. ಆ ನಿಯಮಗಳಿಗೆ ಆಧಾರವಾದ ೧೯೩೪ರ ಮೂಲ ಕಾಯಿದೆಗೆ ೨೦೨೦ರಲ್ಲಾದ ತಿದ್ದುಪಡಿಯು ದಂಡದ ಗರಿಷ್ಠ ಮಿತಿಯನ್ನು ೧೦ ಲಕ್ಷ ರೂಪಾಯಿಯಿಂದ ೧ ಕೋಟಿಗೆ ಏರಿಸಿತು. ಆ ಕಾಯಿದೆಯ ಸ್ಥಾನದಲ್ಲಿ ಈಗ, ೨೦೨೫ರ ಜನವರಿ ೧ರಿಂದ, ಭಾರತೀಯ ವಾಯುಯಾನ ಅಧಿನಿಯಮವಿದೆ.

ಯಂತ್ರವೂ ಅದೇ, ಚಾಲಕನೂ ಅವನೇ, ಹಣವೊಂದು ಕೈ ಬದಲಿಸಿದ ಮಾತ್ರಕ್ಕೆ ಹಾರಾಟದ ಸ್ವರೂಪ ಬದಲಾಗುವುದೆ ಎಂದು ಆಕ್ಷೇಪಿಸುವವರುಂಟು. ಬದಲಾಗುತ್ತದೆಂದೇ ನನ್ನ ನಿಶ್ಚಿತ ಅಭಿಪ್ರಾಯ. ಸ್ನೇಹಿತನನ್ನು ಕರೆದೊಯ್ಯುವವನು ಮೋಡ ಕವಿದರೆ ನಾಳೆ ಹೋಗೋಣವೆನ್ನಬಲ್ಲನು. ಮುಂಗಡ ಪಡೆದವನ ನಾಲಗೆಗೆ ಆ ಸ್ವಾತಂತ್ರ್ಯವಿರುವುದಿಲ್ಲ. ಮಲ್ಪೆಯ ಯಾಂತ್ರಿಕ ದೋಣಿಗಳು ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ದಡದಲ್ಲಿಯೇ ನಿಲ್ಲುವುದಕ್ಕೆ ಮೀನಿನ ಸಂತಾನದ ರಕ್ಷಣೆಯೊಂದೇ ಕಾರಣವಲ್ಲ. ಮಳೆಗಾಲದ ಕಡಲಿನ ಮುಂದೆ ಲಾಭದ ಆಸೆಯನ್ನು ಮನುಷ್ಯನ ವಿವೇಕಕ್ಕೆ ಮಾತ್ರ ಒಪ್ಪಿಸಿಬಿಡಲಾಗದೆಂಬ ಅನುಭವವೂ ಅದರ ಹಿಂದಿದೆ.

೨೦೧೯ರ ಜನವರಿ ೨೧ರ ರಾತ್ರಿ ಫ್ರಾನ್ಸಿನ ನಾಂತ್ ನಗರದಿಂದ ಕಾರ್ಡಿಫ್‌ಗೆ ಹೊರಟ ಕಿರುವಿಮಾನವು ಕಡಲಿಗೆ ಬಿದ್ದು, ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾನೂ ಚಾಲಕ ಡೇವಿಡ್ ಇಬ್ಬಟ್ಸನ್ನನೂ ಮಡಿದರು. ಚಾಲಕನಿಗೆ ಹಣಕ್ಕೆ ಯಾತ್ರಿಕರನ್ನು ಒಯ್ಯುವ ಲೈಸೆನ್ಸಾಗಲಿ ರಾತ್ರಿ ಹಾರುವ ಅರ್ಹತೆಯಾಗಲಿ ಇರಲಿಲ್ಲ. ಆ ವಿಮಾನಕ್ಕೂ ಬಾಡಿಗೆಯ ಅನುಮತಿ ಇರಲಿಲ್ಲ. ೨೦೨೧ರ ನವೆಂಬರಿನಲ್ಲಿ ನ್ಯಾಯಾಲಯವು ೧೮ ತಿಂಗಳ ಸೆರೆಮನೆವಾಸವನ್ನು ವಿಧಿಸಿದ್ದು ಆ ಹಾರಾಟವನ್ನು ಏರ್ಪಡಿಸಿದ ಡೇವಿಡ್ ಹೆಂಡರ್ಸನ್ನನಿಗೆ, ಅಂದು ವಿಮಾನದಲ್ಲಿ ಇಲ್ಲದೆಯೇ ಇದ್ದವನಿಗೆ. ಏರ್ಪಾಡು ಮಾಡಿದವನೇ ಹೊಣೆಗಾರನೆಂಬ ಈ ತೀರ್ಮಾನವು ನನಗೆ ಅತ್ಯಂತ ನ್ಯಾಯವಾಗಿ ತೋರುತ್ತದೆ.

ನಮ್ಮ ಕರಾವಳಿ ಮರೆಯಲಾರದ ೨೦೧೦ರ ಮೇ ೨೨ರ ದುರಂತದಲ್ಲಿ, ದುಬೈನಿಂದ ಬಂದ ವಿಮಾನವು ಬಜಪೆಯ ರನ್‌ವೇಯನ್ನು ದಾಟಿ ಕಮರಿಗೆ ಉರುಳಿ ೧೫೮ ಜನ ಮಡಿದರು. ಆ ಕುಟುಂಬಗಳು ನ್ಯಾಯಕ್ಕಾಗಿ ವರುಷಗಟ್ಟಲೆ ಅಲೆದವೆಂಬುದು ನಿಜ. ಆದರೂ ಅವರೆದುರು ಹೆಸರುಳ್ಳ ಸಂಸ್ಥೆಯೊಂದಿತ್ತು, ೧೯೭೨ರ ವಾಯುಸಾಗಣೆ ಕಾಯಿದೆಯಿತ್ತು, ಒಂದು ಕುಟುಂಬಕ್ಕೆ ೨೦೨೦ರಲ್ಲಿ ಸುಪ್ರೀಂ ಕೋರ್ಟು ಏಳೂವರೆ ಕೋಟಿ ರೂಪಾಯಿಗೂ ಮೀರಿದ ಪರಿಹಾರವನ್ನು ನಿಗದಿಪಡಿಸಿತು. ಪರ್ಮಿಟ್ಟಿಲ್ಲದ ಹಾರಾಟದಲ್ಲಿ ಸತ್ತವನ ಮನೆಯವರು ಯಾರ ಬಾಗಿಲು ತಟ್ಟಬೇಕು? ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆಯು ಬಾಡಿಗೆಯ ಹಾರಾಟಕ್ಕೆ ಸಾಮಾನ್ಯವಾಗಿ ಅನ್ವಯಿಸದು.

ಮರಣಾಸನ್ನನಾದ ತಂದೆಯನ್ನು ದೂರದೂರಿನಿಂದ ಮಣಿಪಾಲದ ಆಸ್ಪತ್ರೆಗೆ ತರಿಸಬೇಕಾದ ಮಗನು, ಆ ಗಳಿಗೆಯಲ್ಲಿ, ಚಾಲಕನ ಲೈಸೆನ್ಸು ಯಾವ ಬಗೆಯದೆಂದು ವಿಚಾರಿಸಲಾರನು. ವಿಚಾರಿಸಲಿಲ್ಲವೆಂದು ಅವನನ್ನು ದೂಷಿಸುವುದೂ ಧರ್ಮವಲ್ಲ. ಆದುದರಿಂದ ಪರ್ಮಿಟ್ಟಿನ ಸಂಖ್ಯೆ, ವಿಮೆಯ ಅವಧಿ, ಹೊಣೆಗಾರನ ಹೆಸರು, ಈ ಮೂರನ್ನೂ ಹಣ ಪಡೆದವನು ತಾನಾಗಿಯೇ, ರಸೀದಿಯ ಮೇಲೆ, ಕನ್ನಡದಲ್ಲಿ ಮುದ್ರಿಸಿ ಕೊಡತಕ್ಕದ್ದೆಂಬ ನಿಯಮವಾಗಬೇಕು.