ಹೊಸ ವೃತ್ತಿ, ಹೊಸ ಕಲಿಕೆ: ಗುರಿಗೂ ಒಂದು ಅಳತೆ ಬೇಕು

ಕಲಿಸುವವರಿಗೆ ಕಲಿಯುವುದು ಸುಲಭವೆಂಬ ನಂಬಿಕೆ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದು ಅರ್ಧ ಮಾತ್ರ ನಿಜ. ಪಾಠದಲ್ಲಿ ನುರಿತವರೂ ತಮ್ಮ ಕಲಿಕೆಗೆ ಗುರಿ ಇಡುವಾಗ ತಡವರಿಸುವುದನ್ನು ನಾವು ಕಂಡಿದ್ದೇವೆ.

ಸಂತೇಬೆನ್ನೂರಿನ ವಾಚಕ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಹನ್ನೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಅವರು ಈಗ ಬೋಧನಾ ವಿನ್ಯಾಸವೆಂಬ ವೃತ್ತಿಗೆ ಹೋಗಬಯಸುತ್ತಾರೆ. ಕಂಪನಿಗಳು, ಆಸ್ಪತ್ರೆಗಳು, ಬ್ಯಾಂಕುಗಳು ತಮ್ಮ ನೌಕರರಿಗೆ ಕೊಡುವ ತರಬೇತಿಯನ್ನೂ ಅಂತರಜಾಲದ ಪಾಠಗಳನ್ನೂ ರೂಪಿಸಿಕೊಡುವ ಕೆಲಸವಿದು. ಒಂದು ಸಂಸ್ಥೆಯ ತರಬೇತಿಗೆ ಸೇರಲು ಸಾಲ ಮಾಡಬೇಕಾಗಿದೆ. ಈಗಿನ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಬೇಕಾಗಿದೆ. ಮಾವನವರಿಗೆ ಇದು ಒಪ್ಪಿಗೆಯಿಲ್ಲ. "ನಾನು ಏನು ಮಾಡಲಿ?" ಎಂದು ಅವರು ಕೇಳಿದ್ದಾರೆ. ಇಂಥ ಪ್ರಶ್ನೆ ಅನೇಕ ಮನೆಗಳಲ್ಲಿ ಇರುವುದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಮೊದಲು ಆ ವೃತ್ತಿಯ ಸ್ವರೂಪವನ್ನು ಅರಿಯಬೇಕು. ತರಗತಿಯ ಶಿಕ್ಷಕರು ಮಕ್ಕಳ ಮುಖ ನೋಡಿ, ತಿಳಿಯದಿದ್ದರೆ ಇನ್ನೊಮ್ಮೆ ಹೇಳುತ್ತಾರೆ. ವಿನ್ಯಾಸಕಾರರಿಗೆ ಆ ಅವಕಾಶವಿಲ್ಲ. ಕಲಿಯುವವರು ಕಲಿಯುವ ಹೊತ್ತಿನಲ್ಲಿ ಅವರು ಎದುರಿಗೆ ಇರುವುದಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿರಿ. 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕನ ಕಾಲದಲ್ಲಿ ಆದ ಆ ಕೊಳದಲ್ಲಿ ಇಂದು ಇಳಿಯುವವರ ಕೈ ಹಿಡಿಯಲು ಕಟ್ಟಿದವರು ಇಲ್ಲ. ಅವರು ಇಟ್ಟ ಮೆಟ್ಟಿಲುಗಳೇ ದಾರಿ ತೋರಿಸುತ್ತವೆ. ಇಳಿಯುವವರ ಕಾಲು ಎಲ್ಲಿ ತಡವರಿಸೀತು ಎಂಬುದನ್ನು ಮುಂದಾಗಿಯೇ ಯೋಚಿಸಿ ಮೆಟ್ಟಿಲಿಡುವುದು ಈ ವೃತ್ತಿಯ ಸಾರ.

ಶಿಕ್ಷಕರು ಇದನ್ನು ಸಾಧಿಸಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾಯಿತು. ಅಲ್ಲಿನ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಅಲ್ಲಿನ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು. ಬಳಿಕ ಪಠ್ಯವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಕಲಿಕಾ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿದರು. ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲೇರುವಂತಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತಾರವಾಯಿತು. ಆ ಶಿಕ್ಷಕರು ನೋಡಿದರು, ಮಾಡಿದರು, ತಮ್ಮ ಮಕ್ಕಳ ಮುಂದೆ ಪರೀಕ್ಷಿಸಿದರು. ಇದಕ್ಕಾಗಿ ಅವರು ಶಾಲೆ ಬಿಡಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಗುರಿಯ ವಿಷಯ. "ಬೋಧನಾ ವಿನ್ಯಾಸ ಕಲಿಯುತ್ತೇನೆ" ಎಂಬುದು ಆಸೆಯೇ ಹೊರತು ಗುರಿಯಲ್ಲ. ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲಿ ಈ ವಿಷಯವಾಗಿ ಒಂದು ಚಿಕ್ಕ ಪುಸ್ತಕ ಬರೆದನು. ಅವನ ಪ್ರಕಾರ ಕಲಿಕೆಯ ಗುರಿಗೆ ಮೂರು ಅಂಗಗಳು: ಕಲಿತವನು ಏನು ಮಾಡಿ ತೋರಿಸಬೇಕು, ಯಾವ ಸನ್ನಿವೇಶದಲ್ಲಿ, ಎಷ್ಟರಮಟ್ಟಿಗೆ. ಬೇರೆಯವರ ಕಲಿಕೆಗೆ ಗುರಿ ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಳ್ಳುವವರು ತಮ್ಮ ಗುರಿಯನ್ನು ಈ ಅಳತೆಯಿಂದಲೇ ಬರೆಯಬೇಕಷ್ಟೆ. ನಾವು ಹೀಗೆ ಸೂಚಿಸುತ್ತೇವೆ: "ಮೂರು ತಿಂಗಳೊಳಗೆ ವಿದ್ಯುತ್ ಮಂಡಲದ ಬಗ್ಗೆ ಇಪ್ಪತ್ತು ನಿಮಿಷಗಳ ಒಂದು ಪಾಠವನ್ನು ರೂಪಿಸುತ್ತೇನೆ. ನನ್ನ ಸಹಾಯವಿಲ್ಲದೆ ಐದು ಮಕ್ಕಳು ಅದನ್ನು ಓದಬೇಕು. ಅವರಲ್ಲಿ ನಾಲ್ವರು ಕೊನೆಯ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಬೇಕು." ಇದು ನೆರವೇರಿತೋ ಇಲ್ಲವೋ ಎಂಬುದನ್ನು ಮಾವನವರೂ ಹೇಳಬಲ್ಲರು.

ಆಮೇಲೆ ಇದ್ದುದನ್ನೂ ಇಲ್ಲದುದನ್ನೂ ಎರಡು ಪಟ್ಟಿಯಾಗಿ ಬರೆಯಬೇಕು. ಪಾಠ ಯೋಜನೆ, ಪ್ರಶ್ನಪತ್ರಿಕೆಯ ರಚನೆ, ಎಲ್ಲಿ ಮಕ್ಕಳು ಎಡವುತ್ತಾರೆಂಬ ಅರಿವು ಈ ಸಹೋದರಿಯಲ್ಲಿ ಆಗಲೇ ಇವೆ. ವಯಸ್ಕ ನೌಕರರಿಗೆ ನಿಜವಾಗಿ ಏನು ಬೇಕೆಂದು ವಿಚಾರಿಸುವುದು, ವಿಷಯತಜ್ಞರಿಂದ ಮಾತು ಹೊರಡಿಸುವುದು, ಪಾಠದ ದೃಶ್ಯಗಳನ್ನು ಒಂದೊಂದಾಗಿ ಬರೆದಿಡುವುದು, ಕಂಪ್ಯೂಟರ್ ಸಾಧನಗಳ ಬಳಕೆ, ಇವು ಹೊಸವು. ಅನೇಕರು ಕೊನೆಯದರಿಂದ ಆರಂಭಿಸುತ್ತಾರೆ. ಅದು ಸರಿಯಲ್ಲ. 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯವು ಅಮೆರಿಕದ ಸೇನೆಗಾಗಿ ರೂಪಿಸಿದ ಐದು ಹಂತಗಳ ಕ್ರಮವೇ ಈ ವೃತ್ತಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಮೊದಲಿನದು ಅಗತ್ಯದ ವಿಶ್ಲೇಷಣೆ. ಪಾಠವನ್ನು ಕಟ್ಟುವ ಸಾಧನದ ಮಾತು ಮೂರನೆಯ ಹಂತದಲ್ಲಿ ಬರುತ್ತದೆ. ಸಾಧನಗಳು ವರ್ಷವರ್ಷವೂ ಬದಲಾಗುತ್ತವೆ. ಅಗತ್ಯವನ್ನು ಅರಿಯುವ ಕಣ್ಣು ಒಮ್ಮೆ ಬಂದರೆ ಹೋಗುವುದಿಲ್ಲ.

ಸಾಲದ ವಿಷಯದಲ್ಲಿ ಅವಸರ ಬೇಡ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ತಾಣದಲ್ಲಿ ಶಿಕ್ಷಣಶಾಸ್ತ್ರ, ಶೈಕ್ಷಣಿಕ ತಂತ್ರಜ್ಞಾನಗಳ ಪಾಠಗಳನ್ನು ಶುಲ್ಕವಿಲ್ಲದೆ ಕಲಿಯಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಪಾಠಗಳನ್ನು ಜೋಡಿಸಿ ನಡೆಸುವ 'ಮೂಡಲ್' ತಂತ್ರಾಂಶ 2002ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಮೊದಲ ಆರು ತಿಂಗಳಿಗೆ ಇಷ್ಟು ಸಾಕು. ಆ ಅವಧಿಯಲ್ಲಿ ಮೂರು ಮಾದರಿ ಪಾಠಗಳು ಸಿದ್ಧವಾಗಲಿ: ಒಂದು ಮಕ್ಕಳಿಗೆ, ಒಂದು ವಯಸ್ಕರಿಗೆ, ಒಂದು ಇಂಗ್ಲಿಷಿನಲ್ಲಿ. ಕೆಲಸ ಕೇಳಲು ಹೋದಾಗ ಮಾತನಾಡುವುದು ಈ ಮಾದರಿಗಳೇ. ಆಮೇಲೂ ಸಂಸ್ಥೆಯ ತರಬೇತಿ ಬೇಕೆನಿಸಿದರೆ, ಅಲ್ಲಿ ಕಲಿತವರು ರಚಿಸಿದ ಪಾಠಗಳನ್ನು ತೋರಿಸುವಂತೆ ಕೇಳಬೇಕು. ತೋರಿಸಲು ಹಿಂಜರಿದರೆ ಹಣ ಕಟ್ಟಬಾರದು.

ಮನೆಯವರಿಗೂ ಒಂದು ಮಾತು. ಬೆಳಗಿನಿಂದ ಶಾಲೆ, ಸಂಜೆಯಿಂದ ಅಡುಗೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಕಣದ ಕೆಲಸ, ಇಷ್ಟರ ನಡುವೆ ಸೊಸೆಯು ಕಲಿಯಲಿ ಎಂದರೆ ಅದು ಬಾಯಿಮಾತಿನ ಒಪ್ಪಿಗೆಯಾಗುತ್ತದೆ. ದಿನಕ್ಕೆ ಒಂದೂವರೆ ಗಂಟೆ, ಯಾರೂ ಕೂಗಬಾರದ ಒಂದೂವರೆ ಗಂಟೆ, ಅವರದಾಗಿರಬೇಕು. ಕೊಯ್ಲಿನ ತಿಂಗಳನ್ನು ಯೋಜನೆಯಿಂದ ಮೊದಲೇ ಕಳೆದುಬಿಡುವುದು ವಿವೇಕ. ಮಾವನವರ ಭಯವೂ ನಿರಾಧಾರವಲ್ಲ. ಬರುವ ಸಂಬಳ ನಿಂತರೆ ಮನೆ ನಡೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕೊಡದೆ ಉತ್ಸಾಹವನ್ನಷ್ಟೇ ತೋರಿಸಬಾರದು. ಹೊಸ ಕಾಯಕದ ನೇಮಕ ಪತ್ರ ಕೈಸೇರುವವರೆಗೆ ಹಳೆಯ ಕಾಯಕವನ್ನು ಬಿಡುವುದು ಬೇಡ.

ಗುರಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ದಿನಾಂಕ ಹಾಕಿ, ಮನೆಯ ಹಿರಿಯರ ಮುಂದೆ ಓದಿ ತೋರಿಸಿರಿ. ತಿಂಗಳಿಗೊಮ್ಮೆ ಎಲ್ಲರೂ ಕುಳಿತು ಆ ಹಾಳೆಯನ್ನು ನೋಡಿರಿ. ಆರು ತಿಂಗಳಾದರೂ ಒಂದು ಪಾಠವೂ ಮುಗಿಯದಿದ್ದರೆ ಯೋಜನೆಯನ್ನು ಬದಲಿಸಿರಿ. ಮೂರೂ ಮುಗಿದಿದ್ದರೆ ಮನೆಯವರು ತಡೆಯದಿರಲಿ.