ಎಲ್‌ಎಲ್‌ಆರ್ ಸಿಕ್ಕಿತು, ಆಮೇಲಿನ 30 ದಿನ?

ಹಾಸನದಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಸ್ಟಿಯರಿಂಗ್ ಕಲಿಯುವವರ ಕೈಯಲ್ಲಿ, ನನ್ನ ಕಾಲಡಿ ಇನ್ನೊಂದು ಜೊತೆ ಬ್ರೇಕು, ಕ್ಲಚ್ಚು. ಬರುವವರಲ್ಲಿ ಹೆಂಗಸರು ಹೆಚ್ಚು, ಆಮೇಲೆ ಆಗಷ್ಟೇ 18 ತುಂಬಿದ ಕಾಲೇಜು ಮಕ್ಕಳು. ಈಗೀಗ ಎಲ್ಲರೂ ಎಲ್‌ಎಲ್‌ಆರ್ ಅನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಬರುತ್ತಾರೆ. ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಸಂಖ್ಯೆ ಕೊಟ್ಟು ಅರ್ಜಿ ತುಂಬಿ, ರಸ್ತೆ ಸುರಕ್ಷತೆಯ ವಿಡಿಯೊ ನೋಡಿ, ಕ್ಯಾಮೆರಾ ಎದುರು ಕೂತು ಉತ್ತರ ಒತ್ತಿದರೆ ಆಯಿತು. ನೂರಕ್ಕೆ 60 ಬಂದರೆ ಪಾಸು.

ಹಾಗೆ ಪಾಸಾಗಿ ಬಂದವರಿಗೆ ಗಾಡಿ ಹತ್ತಿಸುವ ಮುಂಚೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವ ಗಾಡಿಗೆ ದಾರಿ ಬಿಡಬೇಕೋ, ಹೊಸದಾಗಿ ಒಳಗೆ ಬರುವವರಿಗೋ? ಕಿರಿದಾದ ಘಾಟಿ ರಸ್ತೆಯಲ್ಲಿ ಏರುವ ಗಾಡಿ ಮೊದಲೋ, ಇಳಿಯುವುದೋ? ಸಕಲೇಶಪುರದ ಕಡೆಯ ಮಕ್ಕಳೂ ಎರಡನೆಯದಕ್ಕೆ ತಡವರಿಸುತ್ತಾರೆ. ಏರುವ ಗಾಡಿಗೆ ಜಾಗ ಬಿಟ್ಟು ಇಳಿಯುವವರು ಪಕ್ಕಕ್ಕೆ ನಿಲ್ಲಿಸಬೇಕು ಎನ್ನುವುದು ನಿಯಮ. ‘ದೊಡ್ಡ ಗಾಡಿಗೆ ಬಿಡ್ಬೇಕು ಮೇಡಂ’ ಅಂದ ಒಬ್ಬ ಹುಡುಗ. ಉತ್ತರ ತಪ್ಪು. ಆದರೆ ಅವನು ದಿನಾ ನೋಡುತ್ತಿರುವುದು ಅದನ್ನೇ.

ಪರೀಕ್ಷೆಗೆ ಇದನ್ನೆಲ್ಲ ಓದಿರಲಿಲ್ಲವಾ ಎಂದರೆ ನಗುತ್ತಾರೆ. ‘ಸೈಬರ್ ಅಣ್ಣನೇ ಒತ್ತಿದ್ರು ಮೇಡಂ. ನಾನು ಮುಖ ತೋರಿಸ್ಕೊಂಡು ಕೂತಿದ್ದೆ ಅಷ್ಟೆ.’

ಅದಕ್ಕೇ ಈ ಆನ್‌ಲೈನ್ ವ್ಯವಸ್ಥೆ ನಿಲ್ಲಿಸಿ, ಎಲ್ಲರನ್ನೂ ಮತ್ತೆ ಆರ್‌ಟಿಒ ಕಚೇರಿಗೇ ಕರೆಸಿ ಎನ್ನುವವರು ನಮ್ಮ ವೃತ್ತಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಅರಕಲಗೂಡು ಕಡೆಯ ಹಳ್ಳಿಯಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಸ್ಕೂಟಿಯ ಎಲ್‌ಎಲ್‌ಆರ್‌ಗಾಗಿ ಒಂದು ದಿನದ ಕೆಲಸ ಬಿಟ್ಟು, ಎರಡು ಬಸ್ ಬದಲಿಸಿ ಊರಿಗೆ ಬಂದು ಸಾಲಿನಲ್ಲಿ ನಿಲ್ಲಬೇಕಿತ್ತು. ಎಲ್‌ಎಲ್‌ಆರ್‌ಗೆ ಸರ್ಕಾರಿ ಶುಲ್ಕ 150, ಪರೀಕ್ಷೆಗೆ 50 ರೂಪಾಯಿ. ಆಕೆಯ ಓಡಾಟದ ಖರ್ಚೇ ಅದನ್ನು ಮೀರುತ್ತಿತ್ತು. ಅಷ್ಟು ಕಷ್ಟಪಟ್ಟು ಬರೆದ ಪರೀಕ್ಷೆಯೂ ಉತ್ತರಗಳನ್ನು ಉರು ಹೊಡೆದು ಬರೆದದ್ದೇ. ಸೈಬರ್‌ನವನ ಕೈಚಳಕಕ್ಕೆ ಕಡಿವಾಣ ಹಾಕಲೇಬೇಕು, ಆದರೆ ಅದಕ್ಕಾಗಿ ಆಕೆಯನ್ನು ಮತ್ತೆ ಬಸ್ ಹತ್ತಿಸುವುದು ಬೇಡ.

ನನ್ನ ತಕರಾರು ಆಮೇಲಿನ ದಿನಗಳದ್ದು. ಎಲ್‌ಎಲ್‌ಆರ್ ಬಂದು 30 ದಿನ ಕಳೆಯದೆ ಡಿಎಲ್ ಕೊಡುವುದಿಲ್ಲ. ಎಲ್‌ಎಲ್‌ಆರ್ ನಡೆಯುವುದು 6 ತಿಂಗಳು. ಕಾರಾದರೆ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು, ಗಾಡಿಗೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಮನೆಯಲ್ಲೇ ಕಲಿಯುವವರು ಆ 30 ದಿನ ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಸ್ಲಾಟ್ ಸಿಕ್ಕ ದಿನ ಹೋಗಿ ಬೈಕಿನಲ್ಲಿ ಎಂಟು ಹಾಕಿ, ಕಾರನ್ನು ರಿವರ್ಸ್ ತೆಗೆದು ತೋರಿಸಿದರೆ ಮುಗಿಯಿತು. ಟ್ರ್ಯಾಕಿನಲ್ಲಿ ಎದುರಿಗೆ ಹೈಬೀಮ್ ಹಾಕಿಕೊಂಡು ಲಾರಿ ಬರುವುದಿಲ್ಲ.

ಬಿ.ಎಂ. ರಸ್ತೆಯಲ್ಲಿ ಬರುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ ನನ್ನ ಪಕ್ಕ ಕೂತಿದ್ದವರು ಬ್ಯಾಂಕ್ ಉದ್ಯೋಗಿ, ಡಿಎಲ್ ತೆಗೆದು ವರ್ಷವಾಗಿತ್ತು. ಜಡಿಮಳೆ, ವೈಪರ್ ಜೋರಾಗಿ ಬಡಿಯುತ್ತಿತ್ತು. ಎದುರಿನ ಲಾರಿಯ ಬೆಳಕು ಗಾಜಿನ ಮೇಲೆ ಹರಡಿದ್ದೇ ತಡ, ಆಕೆ ಕಣ್ಣು ಮುಚ್ಚಿ ಸ್ಟಿಯರಿಂಗ್ ಬಲಕ್ಕೆ ಎಳೆದುಬಿಟ್ಟರು. ನಾನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಬ್ರೇಕ್ ಒತ್ತಿದೆ. ಗಾಡಿ ನಿಂತ ಮೇಲೆ ಅವರು ಹೇಳಿದ್ದು, ‘ರಾತ್ರಿ ಹೊತ್ತು ಓಡಿಸಿದ್ದು ಇದೇ ಮೊದಲು.’ ನಮ್ಮಲ್ಲಿ ಸೇರುವವರಲ್ಲಿ ಇಂಥವರು ಎಷ್ಟೊಂದು ಜನ! ‘ಡಿಎಲ್ ಇದೆ ಮೇಡಂ, ಗಾಡಿ ಬರಲ್ಲ’ ಎನ್ನುತ್ತಲೇ ಒಳಗೆ ಬರುತ್ತಾರೆ. 2022ರ ಒಂದೇ ವರ್ಷದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತ ದೇಶದಲ್ಲಿ ಈ ಮಾತಿಗೆ ನಗು ಬರುವುದಿಲ್ಲ.

ಕಾನೂನಿಗೆ ಇದು ತಿಳಿಯದ ವಿಷಯವೇನಲ್ಲ. ಕಾರು ಕಲಿಸುವ ಡ್ರೈವಿಂಗ್ ಸ್ಕೂಲು 21 ದಿನಕ್ಕೆ ಕಡಿಮೆ ಇಲ್ಲದಂತೆ, 10 ಗಂಟೆಯಾದರೂ ಗಾಡಿ ಓಡಿಸಿ ಕಲಿಸಬೇಕು; ಯಾರು ಎಷ್ಟು ಹೊತ್ತು ಓಡಿಸಿದರು ಎಂದು ಫಾರಂ 15ರಲ್ಲಿ ಬರೆದಿಡಬೇಕು. 2021ರ ಜುಲೈಯಿಂದ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗಂತೂ 29 ಗಂಟೆಯ ಪಾಠ, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಅಪ್ಪನ ಜೊತೆಯೋ ಅಣ್ಣನ ಜೊತೆಯೋ ಕಲಿಯುವವರಿಗೆ ಮಾತ್ರ ಒಂದು ಗಂಟೆಯ ಲೆಕ್ಕವೂ ಇಲ್ಲ.

ನಮ್ಮ ಅಕ್ಕನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅಲ್ಲಿ ತಂದೆ ತಾಯಿಯೇ ಮಕ್ಕಳಿಗೆ ಡ್ರೈವಿಂಗ್ ಕಲಿಸಲು ಅವಕಾಶ ಇದೆ. ಪಾಠವೆಲ್ಲ ಆನ್‌ಲೈನ್. ಆದರೆ ಹದಿಹರೆಯದವರು ಕಲಿಕಾ ಪರವಾನಗಿ ಹಿಡಿದು ಕನಿಷ್ಠ 6 ತಿಂಗಳು ಇರಬೇಕು, ಪಾಠದ ಜೊತೆಗೆ 30 ಗಂಟೆ ಅಭ್ಯಾಸ ಮಾಡಬೇಕು, ಅದರಲ್ಲಿ 10 ಗಂಟೆ ರಾತ್ರಿ. ಪ್ರತಿಯೊಂದನ್ನೂ ಬರೆದು ದೊಡ್ಡವರು ಸಹಿ ಹಾಕಬೇಕು. ನಮ್ಮ ಭಾವ ಒಂದು ಅರ್ಧ ಗಂಟೆಯನ್ನೂ ಸುಮ್ಮನೆ ಬರೆಯಲಿಲ್ಲವಂತೆ. ಹಿಂದಿನ ಸೀಟಿನಲ್ಲಿ ಅಕ್ಕ ಕೂತಿರುತ್ತಿದ್ದಳು, ಬರೆಯುವ ಧೈರ್ಯ ಎಲ್ಲಿಂದ ಬರಬೇಕು!

ಇಲ್ಲಿನ ಅಪ್ಪಂದಿರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ ಎನ್ನಬಹುದು. ಕೆಲವರು ಹಾಕುತ್ತಾರೆ, ನಿಜ. ಹಾಕದವರೂ ಇದ್ದಾರೆ, ಅವರ ಮಕ್ಕಳಾದರೂ ಬದುಕಿಕೊಳ್ಳಲಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ತಪ್ಪಾದ ಮೇಲೆ ಅಪ್ಪನನ್ನು ಹಿಡಿಯುವ ಕಾನೂನಿಗೆ, ತಪ್ಪಾಗುವ ಮುಂಚೆ ಅವನಿಗೊಂದು ಕೆಲಸ ಕೊಡಲು ಏನು ಅಡ್ಡಿ?

ಫಾರಂ 15ರಂಥದ್ದೇ ಒಂದು ಹಾಳೆಯನ್ನು ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್ ಜೊತೆಗೇ ಕೊಡಲಿ. ಅದು ತುಂಬದೆ ಡಿಎಲ್ ಸ್ಲಾಟ್ ತೆರೆಯದಿರಲಿ. ಆ ವಿಡಿಯೊ ಪಾಠವೂ ನಮ್ಮ ರಸ್ತೆಗಳನ್ನು ತೋರಿಸಲಿ: ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಬಣ್ಣ ಕಾಣದ ಹಂಪು, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರಡಿದ ಹುರುಳಿ, ರಾಗಿ. ಒಕ್ಕಣೆಯ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಬೈಕು ಹೇಗೆ ಜಾರುತ್ತದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿದ್ದು ನಾನು ಕಂಡಿಲ್ಲ.

ಇಲಾಖೆ ಎಚ್ಚರಗೊಳ್ಳುವವರೆಗೆ ಕಾಯಬೇಡಿ. ಮನೆಯಲ್ಲಿ ಹೊಸ ಎಲ್‌ಎಲ್‌ಆರ್ ಇದ್ದರೆ ಒಂದು ನೋಟ್‌ಬುಕ್ ತೆಗೆದು ದಿನಾಂಕ, ಎಷ್ಟು ಹೊತ್ತು, ಹಗಲೋ ರಾತ್ರಿಯೋ, ಮಳೆ ಇತ್ತೋ ಇಲ್ಲವೋ ಬರೆದಿಡಿ. ರಾತ್ರಿಯ ಪುಟ ಖಾಲಿ ಇರುವವರೆಗೆ ಡಿಎಲ್ ಸ್ಲಾಟ್ ಬುಕ್ ಮಾಡಬೇಡಿ. 6 ತಿಂಗಳು ಸಮಯ ಇದೆ.