ಹತ್ತು ನಿಮಿಷದಲ್ಲಿ ಕಾಣದ ಎರಡು ವರ್ಷ

ಮಕ್ಕಳು ಯಾವುದೇ ಅಧಿಕಾರಿಯ ಮುಂದೆ ಹೋಗುವಾಗ ಅಚ್ಚುಕಟ್ಟಾಗಿ ಕಾಣಬೇಕು ಎಂಬುದು ತಂದೆತಾಯಿಯರ ಸಹಜ ಆಸೆ. ತಲೆ ಬಾಚಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ‘ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು’ ಎಂದು ಹೇಳಿ ಕರೆದೊಯ್ಯುತ್ತಾರೆ. ಆದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ವೈದ್ಯರ ಮುಂದೆ ಕೂರುವ ದಿನ ಈ ಅಭ್ಯಾಸವೇ ಮುಳುವಾಗಬಹುದು. ಕಾಲಿನ ಊನ ಕಣ್ಣಿಗೆ ಕಾಣುತ್ತದೆ. ಖಿನ್ನತೆಯಿಂದ ಮೂರು ತಿಂಗಳು ಕೋಣೆ ಬಿಟ್ಟು ಹೊರಬಾರದ ವಿದ್ಯಾರ್ಥಿನಿ ಆ ಹತ್ತು ನಿಮಿಷ ನಗುತ್ತಲೇ ಮಾತನಾಡಿದರೆ, ‘ಚೆನ್ನಾಗಿಯೇ ಇದ್ದಾಳಲ್ಲ’ ಎಂದು ಅನ್ನಿಸುವುದು ಸುಲಭ. ಅರ್ಜಿ ತಿರಸ್ಕೃತವಾಗುತ್ತದೆ. ಎಷ್ಟೋ ಮನೆಗಳಲ್ಲಿ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲಬೇಕಾಗಿಲ್ಲ.

ಇದರಲ್ಲಿ ಕಳೆದುಕೊಳ್ಳುವುದು ಸಣ್ಣದಲ್ಲ. 1995ರ ಕಾಯ್ದೆ ಮನೋರೋಗವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತ್ತಾದರೂ ಉದ್ಯೋಗ ಮೀಸಲಾತಿ ದೃಷ್ಟಿ, ಶ್ರವಣ ಮತ್ತು ಚಲನ ದೋಷ ಇದ್ದವರಿಗೆ ಮಾತ್ರ ಇತ್ತು. 2016ರ ಕಾಯ್ದೆ ಬಾಗಿಲನ್ನು ಅಗಲವಾಗಿ ತೆರೆಯಿತು. ಶೇ 40 ಅಥವಾ ಹೆಚ್ಚಿನ ವೈಕಲ್ಯ ಪ್ರಮಾಣೀಕರಿಸಲ್ಪಟ್ಟವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಉಂಟು. ಸರ್ಕಾರಿ ಹುದ್ದೆಗಳಲ್ಲಿನ ಶೇ 4 ಮೀಸಲಾತಿಯಲ್ಲಿ ಶೇ 1ರಷ್ಟನ್ನು ಮನೋರೋಗ, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗೆ ಇಡಲಾಗಿದೆ.

ಮನೋರೋಗದ ವೈಕಲ್ಯವನ್ನು ಅಳೆಯಲು ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ‘ಐಡಿಯಾಸ್’ ಎಂಬ ಮಾಪನವಿದೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಇವು ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ. ವಿದ್ಯಾರ್ಥಿಯ ಮಟ್ಟಿಗೆ ಕೆಲಸ ಎಂದರೆ ಓದು. ಕಳೆದ ಎರಡು ವರ್ಷಗಳಲ್ಲಿ ಎಷ್ಟು ತಿಂಗಳು ರೋಗ ಕಾಡಿತು ಎಂಬುದಕ್ಕೂ ಅಂಕವುಂಟು. ಒಟ್ಟು 20ರಲ್ಲಿ 7 ಬಂದರೆ ಶೇ 40ರ ಗೆರೆ ದಾಟಿದಂತೆ. ಎಂದರೆ ಪ್ರಶ್ನೆ ‘ಇವತ್ತು ಹೇಗಿದ್ದಾಳೆ’ ಎಂಬುದಲ್ಲ, ‘ಎರಡು ವರ್ಷ ಹೇಗೆ ಕಳೆದಳು’ ಎಂಬುದು. ಅದಕ್ಕೆ ಉತ್ತರ ಕೊಡಬಲ್ಲವರು ಜೊತೆಯಲ್ಲಿದ್ದವರು: ಸ್ನಾನ, ಊಟಕ್ಕೂ ನೂರು ಬಾರಿ ಹೇಳಬೇಕಾಗಿ ಬಂದ ತಾಯಿ, ಗೈರುಹಾಜರಿಯನ್ನು ಕಂಡ ಅಧ್ಯಾಪಕರು. ಮನೆಯ ಮರ್ಯಾದೆಗೆ ಅಂಜಿ ಇದ್ದುದನ್ನು ಮುಚ್ಚಿಟ್ಟರೆ ಅಂಕ ತಾನಾಗಿ ಇಳಿಯುತ್ತದೆ. ಇಲ್ಲದ್ದನ್ನು ಸೇರಿಸುವುದೂ ಬೇಡ, ಇದ್ದದ್ದನ್ನು ಹೇಳಿದರೆ ಸಾಕು.

ಅರ್ಜಿ ತಿರಸ್ಕೃತವಾದರೆ ಮೊದಲು ಅದರ ಕಾರಣವನ್ನು ಬರಹದಲ್ಲಿ ಪಡೆಯಬೇಕು. ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅದಕ್ಕೆ ಕಾಲಮಿತಿ ಇರುವುದರಿಂದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೂಡಲೇ ವಿಚಾರಿಸುವುದು ಒಳ್ಳೆಯದು. ಮೇಲ್ಮನವಿಯ ಜೊತೆಗೆ ಚಿಕಿತ್ಸೆಯ ದಾಖಲೆ, ಔಷಧ ಚೀಟಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಪತ್ರ, ಕಾಲೇಜಿನ ಹಾಜರಿ ವಿವರ ಇರಲಿ. ಆಸ್ಪತ್ರೆಯ ದಾಖಲೆ ಕೇಳಿ ಪಡೆಯುವ ಹಕ್ಕನ್ನೂ, ಉಚಿತ ಕಾನೂನು ನೆರವಿನ ಹಕ್ಕನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ನೆರವಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು.

ಪ್ರಮಾಣಪತ್ರ ಸಿಕ್ಕ ಮೇಲೂ ತೊಡಕು ಬರುವುದುಂಟು. ದೆಹಲಿ ನ್ಯಾಯಾಂಗ ಸೇವೆಯ 2018ರ ಪರೀಕ್ಷೆಯಲ್ಲಿ ಬೈಪೋಲಾರ್ ಕಾಯಿಲೆಯ ಅಭ್ಯರ್ಥಿಯೊಬ್ಬರು ಅಂಗವಿಕಲರ ಮೀಸಲಾತಿಯಲ್ಲಿ ಸ್ಪರ್ಧಿಸಿ ಉತ್ತೀರ್ಣರಾದರು. ಕಾಯಿಲೆ ಶಾಶ್ವತವಲ್ಲ ಎಂಬ ಕಾರಣ ನೀಡಿ ಅವರನ್ನು ಕೈಬಿಡಲಾಯಿತು. ಅವರು ಸುಮ್ಮನಾಗಲಿಲ್ಲ. ಕಾಯ್ದೆ ಕೇಳುವುದು ದೀರ್ಘಕಾಲದ ವೈಕಲ್ಯವನ್ನೇ ಹೊರತು ಶಾಶ್ವತ ವೈಕಲ್ಯವನ್ನಲ್ಲ. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ನೀಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ವೈದ್ಯಕೀಯ ಮಂಡಳಿಯ ಅಭಿಪ್ರಾಯ ಪಡೆದ ಆ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ಅವರ ನೇಮಕದ ಹಾದಿ ಸುಗಮಗೊಳಿಸಿತು. ಏರಿಳಿತವಿರುವ ಕಾಯಿಲೆಯೆಂದು ಹಕ್ಕು ಇಲ್ಲವಾಗುವುದಿಲ್ಲ.

ಇನ್ನು ಕಾರ್ಡು ಮಾಡಿಸಿದರೆ ಜನ ಏನೆನ್ನುತ್ತಾರೋ, ಮುಂದೆ ಮದುವೆಗೆ ಅಡ್ಡಿಯಾದೀತೋ ಎಂಬ ಅಳುಕು ಅನೇಕ ಪೋಷಕರಿಗಿದೆ. ಪ್ರಮಾಣಪತ್ರವನ್ನು ಊರಿಗೆಲ್ಲ ತೋರಿಸಬೇಕೆಂಬ ನಿಯಮವಿಲ್ಲ. ಸೌಲಭ್ಯ ಕೇಳುವ ಕಡೆ ತೋರಿಸಿದರಾಯಿತು. ಬೇಕೋ ಬೇಡವೋ ಎಂಬ ತೀರ್ಮಾನ ಹದಿನೆಂಟು ತುಂಬಿದ ಮಗ ಅಥವಾ ಮಗಳದು. ಅವರು ಬೇಕೆಂದಾಗ ‘ಒಮ್ಮೆ ಇಲ್ಲ ಅಂದರಲ್ಲ, ಬಿಡು’ ಎನ್ನದೆ, ಎರಡು ವರ್ಷದ ಕಾಗದಗಳನ್ನು ಜೋಡಿಸಿಕೊಂಡು ಇನ್ನೊಮ್ಮೆ ಜೊತೆಗೆ ಹೊರಡುವುದು ಹಿರಿಯರ ಕೆಲಸ.